ಸರಣಿಯನ್ನು ಎಲ್ಲಿಂದ ಹಿಡಿಯಬೇಕು? ಸೈನ್ಸ್ ಫಿಕ್ಷನ್ ಕೊಳ್ಳುವ ಮುನ್ನ ಮಾಡಬೇಕಾದ ಕೆಲಸ

ಐಸಾಕ್ ಅಸಿಮೊವ್ ಅವರು ಬರೆದ ‘ಫೌಂಡೇಶನ್’ ಸರಣಿಯಲ್ಲಿ ಏಳು ಪುಸ್ತಕಗಳಿವೆ. ಕಥೆ ನಡೆಯುವ ಕಾಲವನ್ನು ಲೆಕ್ಕ ಹಾಕಿದರೆ ಮೊದಲು ಬರುವುದು ‘ಪ್ರಿಲ್ಯೂಡ್ ಟು ಫೌಂಡೇಶನ್’. ಆದರೆ ಅದು ಅಚ್ಚಾದದ್ದು 1988ರಲ್ಲಿ. ‘ಫೌಂಡೇಶನ್’ ಅನ್ನುವ ಪುಸ್ತಕ ಅದಕ್ಕೂ 37 ವರ್ಷ ಮೊದಲೇ, 1951ರಲ್ಲಿ ಬಂದಿತ್ತು. ಕೆಲವು ಪಟ್ಟಿಗಳಲ್ಲಿ ಪ್ರಿಲ್ಯೂಡ್‌ಗೆ 1ನೇ ನಂಬರು ಕೊಟ್ಟಿರುತ್ತಾರೆ. ಅದನ್ನು ನಂಬಿ ಅಲ್ಲಿಂದ ಶುರು ಮಾಡಿದರೆ ಪುಸ್ತಕ ಅರ್ಥವಾಗುವುದಿಲ್ಲ ಎಂದಲ್ಲ, ರುಚಿ ಹತ್ತುವುದಿಲ್ಲ. ಹ್ಯಾರಿ ಸೆಲ್ಡನ್ ಎಂಬ ಪಾತ್ರದ ಹೆಸರಿಗೆ ಮುಂದೆ ಎಂಥ ತೂಕ ಬರಲಿದೆ ಎಂಬುದು ಓದುಗರಿಗೆ ಗೊತ್ತೇ ಇದೆ ಎಂದುಕೊಂಡು ಬರೆದ ಪುಸ್ತಕ ಅದು.

ಸರಣಿಯ ಯಾವುದೇ ಪುಸ್ತಕ ಕೈಗೆ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ಬರೆಯುವಾಗ ಓದುಗರಿಗೆ ಏನೇನು ಗೊತ್ತಿದೆ ಎಂದು ಲೇಖಕರು ಅಂದುಕೊಂಡಿದ್ದರು? ಓದುವ ಕ್ರಮ ತೀರ್ಮಾನವಾಗುವುದೂ ಇದರಿಂದಲೇ, ಯಾವ ಪುಸ್ತಕದ ಸ್ಯಾಂಪಲ್ (ಕೊಳ್ಳುವ ಮುನ್ನ ಉಚಿತವಾಗಿ ಓದಲು ಸಿಗುವ ಆರಂಭದ ಪುಟಗಳು) ಓದಿ ನೋಡಬೇಕು ಎಂಬುದೂ ಇದರಿಂದಲೇ. ತಪ್ಪು ಪುಸ್ತಕದ ಸ್ಯಾಂಪಲ್ ಓದಿ ಇಡೀ ಸರಣಿಯನ್ನೇ ಕೈಬಿಟ್ಟವರು ಬಹಳ ಮಂದಿ.

ಮೊದಲು ಪಟ್ಟಿ

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿಕೊಳ್ಳಿ: ಹೆಸರು, ಮೊದಲು ಪ್ರಕಟವಾದ ವರ್ಷ, ಬಗೆ, ಕಥೆಯ ಕಾಲ. ಬಗೆ ಎಂದರೆ ಕಾದಂಬರಿಯೋ, ಕಿರುಕಾದಂಬರಿಯೋ, ಕಥಾಸಂಕಲನವೋ, ಎರಡು ಮೂರು ಪುಸ್ತಕ ಸೇರಿಸಿ ಹೊಲಿದ ಆಮ್ನಿಬಸ್ಸೋ ಎಂಬುದು.

ವರ್ಷವನ್ನು ಅಂಗಡಿಯ ಜಾಲತಾಣದಿಂದ ತೆಗೆದುಕೊಳ್ಳಬೇಡಿ. ಅಲ್ಲಿ ಕಾಣುವುದು ಹೆಚ್ಚಿನ ಸಲ ಆ ಆವೃತ್ತಿಯ ವರ್ಷ. ಕಾಪಿರೈಟ್ ಪುಟದಲ್ಲಿ ಮೊದಲ ಪ್ರಕಟಣೆಯ ವರ್ಷ ಬೇರೆಯಾಗಿ ಇರುತ್ತದೆ. ಇ-ಪುಸ್ತಕಗಳಲ್ಲಿ ಈ ಪುಟವನ್ನು ಕೆಲವೊಮ್ಮೆ ಕೊನೆಗೆ ತಳ್ಳಿರುತ್ತಾರೆ, ಆಗ ಸ್ಯಾಂಪಲ್‌ನಲ್ಲಿ ಸಿಗುವುದಿಲ್ಲ. ‘ಇದೇ ಲೇಖಕರ ಇತರ ಕೃತಿಗಳು’ ಎಂಬ ಪುಟವನ್ನೂ ಪೂರ್ತಿ ನಂಬುವಂತಿಲ್ಲ. ಪ್ರಕಾಶಕರು ತಮ್ಮಲ್ಲಿ ಅಚ್ಚಾದದ್ದನ್ನಷ್ಟೇ ಹಾಕಿ, ಬೇರೆಯವರಲ್ಲಿ ಬಂದದ್ದನ್ನು ಬಿಟ್ಟಿರಬಹುದು.

ಭರವಸೆಯಿಂದ ನೋಡಬಹುದಾದ ಜಾಗ ಇಂಟರ್ನೆಟ್ ಸ್ಪೆಕ್ಯುಲೇಟಿವ್ ಫಿಕ್ಷನ್ ಡೇಟಾಬೇಸ್. 1995ರಿಂದ ಓದುಗರೇ ಸೇರಿ ಕಟ್ಟಿಕೊಂಡು ಬಂದ ದಾಖಲೆ ಅದು. ಲೇಖಕರ ಹೆಸರು ಹಾಕಿ ಹುಡುಕಿದರೆ ಕೃತಿಗಳೆಲ್ಲ ಸರಣಿವಾರು ಬರುತ್ತವೆ, ಪ್ರತಿ ಕೃತಿಯ ಎದುರಿಗೆ ಬಗೆಯೂ ಇರುತ್ತದೆ. ಅಲ್ಲಿ ‘ಚಾಪ್‌ಬುಕ್’ ಎಂದಿದ್ದರೆ ಒಂದೇ ಕಥೆ ಅಥವಾ ಕಿರುಕಾದಂಬರಿಯನ್ನು ಬಿಡಿ ಪುಸ್ತಕವಾಗಿ ತಂದಿದ್ದಾರೆ ಎಂದರ್ಥ. ನೋಡಲು ಹಳೆಯ ಕಾಲದ ಪುಟ, ಆದರೆ ಕೆಲಸಕ್ಕೆ ಬರುವಂಥದ್ದು. ಓದುಗರ ತಾಣ ಗುಡ್‌ರೀಡ್ಸ್‌ನ ಸರಣಿ ಪುಟದಲ್ಲಿ 0.5, 2.5 ಎಂಬ ದಶಮಾಂಶಗಳು ಕಾಣುತ್ತವೆ. ಅವು ಸಾಮಾನ್ಯವಾಗಿ ಎರಡು ಕಾದಂಬರಿಗಳ ನಡುವೆ ನಡೆಯುವ ಸಣ್ಣ ಕಥೆಗಳು. 0.5 ಎಂದಿರುವುದನ್ನೇ ಮೊದಲು ಓದಬೇಕೆಂಬ ನಿಯಮವಿಲ್ಲ. ಬಹುಪಾಲು ಅದು ಆಮೇಲೆ ಬರೆದ ಪೂರ್ವಕಥೆ.

ಪಟ್ಟಿ ಮಾಡುವಾಗ ಒಂದು ಎಚ್ಚರ: ಮೂರನೇ, ನಾಲ್ಕನೇ ಸಂಪುಟದ ಬೆನ್ನುಡಿ ಓದಬೇಡಿ. ಮೊದಲ ಸಂಪುಟದಲ್ಲಿ ಯಾರು ಉಳಿದರು, ಯಾರು ಸತ್ತರು ಎಂಬುದನ್ನು ಅದು ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಹೆಸರು, ವರ್ಷ ಬರೆದುಕೊಂಡು ಪುಟ ಮುಚ್ಚಿ.

ಮಾರ್ಥಾ ವೆಲ್ಸ್ ಅವರ ಮರ್ಡರ್‌ಬಾಟ್ ಸರಣಿಯ ಪಟ್ಟಿ ಮಾಡಿ ನೋಡೋಣ. ‘ಆಲ್ ಸಿಸ್ಟಮ್ಸ್ ರೆಡ್’ 2017, ಕಿರುಕಾದಂಬರಿ. ‘ಆರ್ಟಿಫಿಶಿಯಲ್ ಕಂಡಿಶನ್’, ‘ರೋಗ್ ಪ್ರೋಟೋಕಾಲ್’, ‘ಎಕ್ಸಿಟ್ ಸ್ಟ್ರಾಟಜಿ’ ಮೂರೂ 2018, ಮೂರೂ ಕಿರುಕಾದಂಬರಿ. ‘ನೆಟ್‌ವರ್ಕ್ ಎಫೆಕ್ಟ್’ 2020, ಪೂರ್ಣ ಕಾದಂಬರಿ. ‘ಫ್ಯೂಜಿಟಿವ್ ಟೆಲಿಮೆಟ್ರಿ’ 2021, ಕಿರುಕಾದಂಬರಿ. ‘ಸಿಸ್ಟಮ್ ಕೊಲ್ಯಾಪ್ಸ್’ 2023. ಇನ್ನು ನಾಲ್ಕನೇ ಕಾಲಂ ತುಂಬಿದರೆ ವಿಷಯ ಹೊರಬೀಳುತ್ತದೆ. 2021ರ ‘ಫ್ಯೂಜಿಟಿವ್ ಟೆಲಿಮೆಟ್ರಿ’ಯ ಕಥೆ ನಡೆಯುವುದು 2020ರ ‘ನೆಟ್‌ವರ್ಕ್ ಎಫೆಕ್ಟ್’ಗಿಂತ ಮೊದಲು. 2023ರ ‘ಸಿಸ್ಟಮ್ ಕೊಲ್ಯಾಪ್ಸ್’ ಮುಂದುವರಿಸುವುದು ‘ನೆಟ್‌ವರ್ಕ್ ಎಫೆಕ್ಟ್’ನ ಎಳೆಯನ್ನು. ಪ್ರಕಟಣೆಯ ಕ್ರಮದಲ್ಲೇ ಹೋದರೆ ನಡುವೆ ಒಮ್ಮೆ ಹಿಂದಕ್ಕೆ ಜಿಗಿದು ಮತ್ತೆ ಮುಂದಕ್ಕೆ ಬರಬೇಕಾಗುತ್ತದೆ. ಇಲ್ಲಿ ‘ಫ್ಯೂಜಿಟಿವ್ ಟೆಲಿಮೆಟ್ರಿ’ಯನ್ನು ‘ಎಕ್ಸಿಟ್ ಸ್ಟ್ರಾಟಜಿ’ಯ ನಂತರಕ್ಕೆ ಎತ್ತಿಟ್ಟು, ಉಳಿದ ಎರಡನ್ನು ಬೆನ್ನುಬೆನ್ನಿಗೇ ಓದುವುದು ಸಲೀಸು.

ಯಾವ ಕ್ರಮ?

ಬೇರೇನೂ ಗೊತ್ತಿಲ್ಲದಿದ್ದರೆ ಪ್ರಕಟಣೆಯ ಕ್ರಮವನ್ನೇ ಹಿಡಿಯಿರಿ. ಲೇಖಕರು ಗುಟ್ಟುಗಳನ್ನು ಒಂದೊಂದಾಗಿ ಬಿಚ್ಚಿದ್ದು ಆ ಕ್ರಮದಲ್ಲೇ. ಈ ಸಾಮಾನ್ಯ ನಿಯಮವನ್ನು ಮುರಿಯಬೇಕೋ ಬೇಡವೋ ಎಂಬುದು ಸರಣಿ ಯಾವ ಜಾತಿಯದ್ದು ಎಂಬುದರ ಮೇಲೆ ನಿಂತಿದೆ.

ಒಂದೇ ಕಥೆಯನ್ನು ಕತ್ತರಿಸಿ ಹಲವು ಸಂಪುಟ ಮಾಡಿರುವುದು ಒಂದು ಜಾತಿ. ಡಾನ್ ಸಿಮನ್ಸ್ ಅವರ ‘ಹೈಪೀರಿಯನ್’ (1989) ಕಥೆ ಮುಗಿಸದೆಯೇ ನಿಂತುಬಿಡುತ್ತದೆ. ಉಳಿದ ಅರ್ಧ ಇರುವುದು ‘ದಿ ಫಾಲ್ ಆಫ್ ಹೈಪೀರಿಯನ್’ನಲ್ಲಿ (1990). ಇದನ್ನು ತಿಳಿಯದೆ ಒಂದನ್ನೇ ಕೊಂಡವರು ಕೊನೆಯ ಪುಟದಲ್ಲಿ ಬೈದುಕೊಳ್ಳುತ್ತಾರೆ. ಇಂಥದ್ದರಲ್ಲಿ ಕ್ರಮ ಬದಲಿಸುವ ಮಾತೇ ಇಲ್ಲ. ಎಡ್ಗರ್ ರೈಸ್ ಬರೋಸ್ ಅವರ ಮಂಗಳ ಗ್ರಹದ ಕಥೆಗಳಲ್ಲೂ ಎರಡನೆಯದಾದ ‘ದಿ ಗಾಡ್ಸ್ ಆಫ್ ಮಾರ್ಸ್’ ಕತ್ತಿಯ ಅಂಚಿನಲ್ಲಿ ನಿಲ್ಲುತ್ತದೆ, ಮೂರನೆಯದು ಪಕ್ಕದಲ್ಲಿರಲೇಬೇಕು.

ಎರಡನೇ ಜಾತಿಯಲ್ಲಿ ಪಾತ್ರಗಳು ಮುಂದುವರಿಯುತ್ತವೆ, ಆದರೆ ಪ್ರತಿ ಪುಸ್ತಕಕ್ಕೂ ತನ್ನದೇ ಮುಕ್ತಾಯ ಇರುತ್ತದೆ. ಲೋಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ ಅವರ ವೋರ್ಕೋಸಿಗನ್ ಸರಣಿ ಹೀಗೆ. ನಿಯಮ ಮುರಿಯಬೇಕಾದದ್ದೂ ಇದರಲ್ಲೇ. ‘ಶಾರ್ಡ್ಸ್ ಆಫ್ ಆನರ್’ 1986ರದ್ದು, ಅದರ ಎಳೆಯನ್ನು ನೇರವಾಗಿ ಮುಂದುವರಿಸುವ ‘ಬರಾಯರ್’ 1991ರದ್ದು. ನಡುವೆ ಬಂದ ಪುಸ್ತಕಗಳಲ್ಲಿ ಹೆಚ್ಚಿನವು ಒಂದು ತಲೆಮಾರು ಮುಂದಕ್ಕೆ ಹೋಗಿ, ನಾಯಕಿಯ ಮಗನ ಕಥೆ ಹೇಳುತ್ತವೆ. ಈ ಎರಡನ್ನು ಜೋಡಿಯಾಗಿ ಓದುವುದೇ ಮೇಲು. ಪ್ರಕಾಶಕರೂ ಇವನ್ನು ಸೇರಿಸಿ ‘ಕೊರ್ಡೀಲಿಯಾಸ್ ಆನರ್’ ಎಂಬ ಒಂದೇ ಸಂಪುಟ ತಂದಿದ್ದಾರೆ. ಇದೇ ಸರಣಿಯ ‘ಫಾಲಿಂಗ್ ಫ್ರೀ’ (1988) ನಡೆಯುವುದು ಇವೆಲ್ಲಕ್ಕಿಂತ ಸುಮಾರು 200 ವರ್ಷ ಹಿಂದೆ. ಹಾಗೆಂದು ಅದನ್ನು ಮೊದಲು ಓದಬೇಕಿಲ್ಲ. ಮುಖ್ಯ ಪಾತ್ರಗಳು ಯಾರೂ ಅದರಲ್ಲಿಲ್ಲ.

ಮೂರನೆಯದು, ಬ್ರಹ್ಮಾಂಡ ಒಂದೇ, ಕಥೆಗಳು ಬೇರೆ ಬೇರೆ. ಉರ್ಸುಲಾ ಕೆ. ಲೆ ಗ್ವಿನ್ ಅವರ ಹೈನಿಶ್ ಕಾದಂಬರಿಗಳು, ಇಯಾನ್ ಎಂ. ಬ್ಯಾಂಕ್ಸ್ ಅವರ ಕಲ್ಚರ್ ಕಾದಂಬರಿಗಳು ಈ ಬಗೆಯವು. ಇಲ್ಲಿ ‘ಮೊದಲ ಪುಸ್ತಕ’ಕ್ಕೆ ಅಷ್ಟು ಬೆಲೆಯಿಲ್ಲ. ಹೈನಿಶ್‌ನಲ್ಲಿ ಮೊದಲು ಬಂದದ್ದು 1966ರ ‘ರೊಕಾನನ್ಸ್ ವರ್ಲ್ಡ್’, ಆದರೆ 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಅಥವಾ 1974ರ ‘ದಿ ಡಿಸ್‌ಪೊಸೆಸ್ಡ್’ನಿಂದ ಶುರು ಮಾಡಿದರೂ ಏನೂ ತಪ್ಪಿಹೋಗುವುದಿಲ್ಲ. ಕಲ್ಚರ್‌ನ ಮೊದಲ ಪುಸ್ತಕ ‘ಕನ್ಸಿಡರ್ ಫ್ಲೀಬಸ್’ (1987) ‘ಕಲ್ಚರ್’ ಎಂಬ ನಾಗರಿಕತೆಯನ್ನು ಶತ್ರುವಿನ ಪಾಳಯದಿಂದ ತೋರಿಸುತ್ತದೆ. ಒಳಗಿನಿಂದ ನೋಡಬೇಕೆನ್ನುವವರು ‘ದಿ ಪ್ಲೇಯರ್ ಆಫ್ ಗೇಮ್ಸ್’ (1988) ಹಿಡಿಯುವುದು ವಾಸಿ.

ಎರಡು ಸಂಗತಿ ಬೇರೆಯಾಗಿ ಗುರುತು ಹಾಕಿಕೊಳ್ಳಿ. ಒಂದು, ಬೇರೆಯವರು ಬರೆದ ಮುಂದುವರಿಕೆ. ‘ಡ್ಯೂನ್’ ಸರಣಿಯಲ್ಲಿ ಫ್ರಾಂಕ್ ಹರ್ಬರ್ಟ್ ಬರೆದದ್ದು ಆರು ಪುಸ್ತಕ, 1965ರಿಂದ 1985ರವರೆಗೆ. 1999ರಿಂದ ಬಂದ ಪೂರ್ವಕಥೆಗಳನ್ನು ಬರೆದವರು ಮಗ ಬ್ರಿಯಾನ್ ಹರ್ಬರ್ಟ್ ಮತ್ತು ಕೆವಿನ್ ಜೆ. ಆಂಡರ್ಸನ್. ಲಿಯು ಸಿಕ್ಸಿನ್ ಅವರ ‘ದಿ ತ್ರೀ-ಬಾಡಿ ಪ್ರಾಬ್ಲಮ್’ ತ್ರಿವಳಿಗೆ ನಾಲ್ಕನೆಯದೆಂದು ಕೆಲವೆಡೆ ಕಾಣುವ ‘ದಿ ರಿಡೆಂಪ್ಶನ್ ಆಫ್ ಟೈಮ್’ ಬಾವೊಶು ಎಂಬ ಲೇಖಕರದ್ದು. ಇವನ್ನು ಓದಬಾರದೆಂದಲ್ಲ, ಮೂಲ ಮುಗಿಯುವ ಮುನ್ನ ಓದಬೇಡಿ. ಎರಡು, ಸಿನಿಮಾ. 2021ರ ಡ್ಯೂನ್ ಚಿತ್ರ ಮೊದಲ ಕಾದಂಬರಿಯ ಮೊದಲರ್ಧ, 2024ರದ್ದು ಉಳಿದರ್ಧ. ಎರಡೂ ನೋಡಿದವರು ಕಥೆ ಮುಂದುವರಿಸಬೇಕೆಂದರೆ ಎತ್ತಿಕೊಳ್ಳಬೇಕಾದದ್ದು ‘ಡ್ಯೂನ್ ಮೆಸೈಯ’. ಆರ್ಥರ್ ಸಿ. ಕ್ಲಾರ್ಕ್ ಅವರದ್ದು ಇನ್ನೂ ಸೋಜಿಗ. 1968ರ ‘2001’ ಕಾದಂಬರಿಯಲ್ಲಿ ನೌಕೆ ಹೋಗುವುದು ಶನಿಯತ್ತ, ಅದೇ ವರ್ಷದ ಸಿನಿಮಾದಲ್ಲಿ ಗುರುವಿನತ್ತ. 1982ರ ‘2010’ ಕಾದಂಬರಿ ಮುಂದುವರಿಸುವುದು ಸಿನಿಮಾವನ್ನು. ಪುಸ್ತಕವನ್ನಷ್ಟೇ ಓದಿಕೊಂಡು ಬಂದವರು ನಡುವೆ ಒಂದು ಸಂಪುಟ ತಪ್ಪಿಹೋಯಿತೇ ಎಂದು ಹುಡುಕಾಡುತ್ತಾರೆ. ಏನೂ ತಪ್ಪಿಲ್ಲ.

ಸ್ಯಾಂಪಲ್ ಓದುವ ಬಗೆ

ಇ-ಪುಸ್ತಕದ ಉಚಿತ ಸ್ಯಾಂಪಲ್ ಸಾಮಾನ್ಯವಾಗಿ ಪುಸ್ತಕದ ಆರಂಭದ ಶೇ. 10ರಷ್ಟು. 300 ಪುಟದ ಕಾದಂಬರಿಗೆ 30 ಪುಟ. ಈ ಲೆಕ್ಕದಲ್ಲಿ ಮುಖಪುಟ, ಅರ್ಪಣೆ, ಪರಿವಿಡಿ, ಮುನ್ನುಡಿ ಎಲ್ಲವೂ ಸೇರುತ್ತವೆ. 150 ಪುಟದ ಕಿರುಕಾದಂಬರಿಯಾದರೆ ಸಿಗುವ 15 ಪುಟದಲ್ಲಿ ಐದಾರು ಹೀಗೇ ಹೋಗಿ, ಕಥೆ ಎಂದು ಉಳಿಯುವುದು ಹತ್ತೇ ಪುಟ. ಹಳೆಯ ಕೃತಿಗಳ ಹೊಸ ಆವೃತ್ತಿಗಳಲ್ಲಿ ಯಾರಾದರೂ ದೊಡ್ಡವರ ಪ್ರಸ್ತಾವನೆ ಇದ್ದರಂತೂ ಸ್ಯಾಂಪಲ್ ಅಲ್ಲಿಗೇ ಮುಗಿದರೂ ಮುಗಿಯಿತು. ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ಗೆ ಲೆ ಗ್ವಿನ್ ಅವರೇ 1976ರಲ್ಲಿ ಒಂದು ಪ್ರಸ್ತಾವನೆ ಬರೆದರು, ಅನೇಕ ಆವೃತ್ತಿಗಳಲ್ಲಿ ಅದು ಮೊದಲಿಗೇ ಇದೆ. ಸೊಗಸಾದ ಬರಹ, ಆದರೆ ಕಾದಂಬರಿಯ ದನಿ ಅದಲ್ಲ. ಕಾದಂಬರಿ ಶುರುವಾಗುವುದು ಒಂದು ಮೆರವಣಿಗೆಯಿಂದ. ಅಲ್ಲಿಗೆ ನೇರ ಹೋಗಿ.

ಸ್ಯಾಂಪಲ್ ಚಿಕ್ಕದಾಯಿತು ಎನ್ನುವವರಿಗೆ ಒಂದು ಉಪಾಯ: ಅದೇ ಪುಸ್ತಕ ಆಮ್ನಿಬಸ್‌ನಲ್ಲಿ ಇದೆಯೇ ನೋಡಿ. ಮೂರು ಕಾದಂಬರಿಗಳ 900 ಪುಟದ ಸಂಪುಟದ ಶೇ. 10 ಎಂದರೆ 90 ಪುಟ. ಅಷ್ಟೂ ಮೊದಲ ಕಾದಂಬರಿಯದ್ದೇ. ಕೊಳ್ಳುವುದು ಬಿಡಿ ಪುಸ್ತಕವನ್ನೇ ಆದರೂ ಸ್ಯಾಂಪಲ್‌ಗೆ ಆಮ್ನಿಬಸ್ ಒಳ್ಳೆಯದು.

ಸೈನ್ಸ್ ಫಿಕ್ಷನ್‌ನ ಮೊದಲ ಪುಟಗಳಲ್ಲಿ ತಿಳಿಯದ ಪದಗಳು ಬಂದೇ ಬರುತ್ತವೆ. ಅದಕ್ಕೇ ಪುಸ್ತಕ ಕೆಳಗಿಡಬೇಡಿ. ಬೇಕಾದರೆ ಹೀಗೆ ಪರೀಕ್ಷಿಸಿ: ಮೊದಲ ಐದು ಪುಟದಲ್ಲಿ ಗೊತ್ತಾಗದ ನಾಲ್ಕು ಪದ ಬರೆದುಕೊಳ್ಳಿ. ಇಪ್ಪತ್ತನೇ ಪುಟಕ್ಕೆ ಬರುವಷ್ಟರಲ್ಲಿ ಯಾರೂ ವಿವರಿಸದೆಯೇ, ಸಂದರ್ಭದಿಂದಲೇ, ಎರಡು ಮೂರರ ಅರ್ಥ ಹೊಳೆದಿದ್ದರೆ ಲೇಖಕರ ಕೈ ಪಳಗಿದೆ. ನಾಲ್ಕಕ್ಕೆ ಇನ್ನೂ ಹತ್ತು ಸೇರಿ ಒಂದೂ ಹೊಳೆಯದಿದ್ದರೆ ಮುಂದೆಯೂ ಹಾಗೇ ಇರುವ ಸಂಭವ ಹೆಚ್ಚು. ಪಾತ್ರಗಳು ತಮಗೆ ಗೊತ್ತಿರುವುದನ್ನೇ ಒಬ್ಬರಿಗೊಬ್ಬರು ಪಾಠದಂತೆ ಒಪ್ಪಿಸುತ್ತಿದ್ದರೆ ಅದು ಇನ್ನೊಂದು ತುದಿಯ ದೋಷ. ‘ಡ್ಯೂನ್’ನ ಕೊನೆಯಲ್ಲಿ ಪದಕೋಶವೇ ಇದೆ, ಅನುಬಂಧಗಳೂ ಇವೆ. ಕೊನೆಯಲ್ಲಿರುವುದರಿಂದ ಸ್ಯಾಂಪಲ್‌ನಲ್ಲಿ ಕಾಣುವುದಿಲ್ಲ, ಪರಿವಿಡಿ ನೋಡಿದರೆ ಗೊತ್ತಾಗುತ್ತದೆ. ಕೊಂಡ ಮೇಲೆ ಅಲ್ಲೊಂದು ಬುಕ್‌ಮಾರ್ಕ್ ಹಾಕಿಟ್ಟುಕೊಳ್ಳಿ.

ಸ್ಯಾಂಪಲ್ ಮೋಸ ಮಾಡುವುದು ಪುಸ್ತಕದ ಕಟ್ಟಡ ವಿಚಿತ್ರವಾಗಿದ್ದಾಗ. ಜೇಮ್ಸ್ ಎಸ್.ಎ. ಕೋರಿ ಹೆಸರಿನಲ್ಲಿ ಇಬ್ಬರು ಸೇರಿ ಬರೆದ ‘ಲೆವಿಯಥನ್ ವೇಕ್ಸ್’ (2011) ತೆಗೆಯಿರಿ. ಪೀಠಿಕೆ ಜೂಲಿ ಎಂಬ ಯುವತಿಯದ್ದು, ಹೆಚ್ಚುಕಡಿಮೆ ಭಯಾನಕ ಕಥೆಯ ಧಾಟಿ. ಮೊದಲ ಅಧ್ಯಾಯ ಹೋಲ್ಡನ್‌ನದ್ದು, ಹಡಗಿನ ಸಿಬ್ಬಂದಿಯ ಹರಟೆ. ಎರಡನೆಯದು ಮಿಲ್ಲರ್‌ನದ್ದು, ದಣಿದ ಪತ್ತೇದಾರನ ಕಣ್ಣು. ಆಮೇಲೆ ಹೋಲ್ಡನ್, ಮಿಲ್ಲರ್ ಸರದಿಯ ಮೇಲೆ ಬರುತ್ತಾರೆ. ಪೀಠಿಕೆ ಓದಿ ‘ಇದು ನಮಗಲ್ಲ’ ಎಂದು ಮುಚ್ಚಿದರೆ ಕಾದಂಬರಿಯ ಎರಡೂ ದನಿಗಳನ್ನು ಕೇಳಿಯೇ ಇಲ್ಲ ಎಂದಾಯಿತು. ಎರಡನೇ ಅಧ್ಯಾಯ ಮುಗಿಯುವವರೆಗೆ ಓದಿ, ಆಮೇಲೆ ತೀರ್ಮಾನ ಮಾಡಿ.

‘ಹೈಪೀರಿಯನ್’ನಲ್ಲಿ ಯಾತ್ರಿಕರು ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ, ಒಂದೊಂದರ ಶೈಲಿಯೂ ಬೇರೆ. ಸ್ಯಾಂಪಲ್ ಹೆಚ್ಚೆಂದರೆ ಪಾದ್ರಿಯ ಕಥೆಯೊಳಗೆ ಕಾಲಿಡುತ್ತದೆ, ಉಳಿದವುಗಳ ಸುಳಿವೇ ಸಿಗುವುದಿಲ್ಲ. ‘ಫೌಂಡೇಶನ್’ ಐದು ಭಾಗದ್ದು. 1940ರ ದಶಕದಲ್ಲಿ ಪತ್ರಿಕೆಯಲ್ಲಿ ಬಂದ ಕಥೆಗಳನ್ನು ಕೂಡಿಸಿ, ಮೊದಲ ಭಾಗವನ್ನು 1951ರ ಪುಸ್ತಕಕ್ಕೆಂದೇ ಹೊಸದಾಗಿ ಬರೆದದ್ದು. ಆ ಭಾಗದ ಗಾಲ್ ಡಾರ್ನಿಕ್‌ನನ್ನು ಮೆಚ್ಚಿಕೊಂಡು ಕೊಂಡವರಿಗೆ ಎರಡನೇ ಭಾಗದಲ್ಲಿ ಆತ ಕಾಣುವುದಿಲ್ಲ, ಕಥೆ ಐವತ್ತು ವರ್ಷ ಮುಂದೆ ಹೋಗಿರುತ್ತದೆ. ‘ದಿ ಡಿಸ್‌ಪೊಸೆಸ್ಡ್’ನಲ್ಲಿ ಒಂದು ಅಧ್ಯಾಯ ಈಗಿನದ್ದಾದರೆ ಇನ್ನೊಂದು ಹಿಂದಿನದ್ದು, ಹೀಗೆ ಎರಡು ಗ್ರಹಗಳ ನಡುವೆ ಜೀಕುತ್ತದೆ. ಆದ್ದರಿಂದ ಸ್ಯಾಂಪಲ್ ತೆರೆದ ಕೂಡಲೇ ಪರಿವಿಡಿ ನೋಡಿ. ಅಧ್ಯಾಯದ ತಲೆಯಲ್ಲಿ ವ್ಯಕ್ತಿಗಳ ಹೆಸರಿದ್ದರೆ, ‘ಭಾಗ 1, ಭಾಗ 2’ ಎಂದಿದ್ದರೆ, ಕಾಲವೋ ಊರೋ ಬದಲಾಗುತ್ತಿದ್ದರೆ, ಸ್ಯಾಂಪಲ್ ತೋರಿಸುವುದು ಆನೆಯ ಬಾಲವನ್ನಷ್ಟೇ.

ಅನುವಾದದಲ್ಲಿ ಇನ್ನೊಂದು ತೊಡಕು. ಲಿಯು ಅವರ ‘ದಿ ತ್ರೀ-ಬಾಡಿ ಪ್ರಾಬ್ಲಮ್’ ಚೀನಿ ಭಾಷೆಯಲ್ಲಿ 2008ರಲ್ಲಿ ಪುಸ್ತಕವಾದಾಗ ಸಾಂಸ್ಕೃತಿಕ ಕ್ರಾಂತಿಯ ಅಧ್ಯಾಯಗಳು ನಡುವೆ ಎಲ್ಲೋ ಇದ್ದವು. 2014ರಲ್ಲಿ ಕೆನ್ ಲಿಯು ಮಾಡಿದ ಇಂಗ್ಲಿಷ್ ಅನುವಾದದಲ್ಲಿ ಅವು ಆರಂಭಕ್ಕೆ ಬಂದವು. ಹಾಗಾಗಿ ಸ್ಯಾಂಪಲ್‌ನಲ್ಲಿ ಮೊದಲು ಸಿಗುವುದು 1967ರ ಬೀದಿ ಕಾಳಗ. ಬಾಹ್ಯಾಕಾಶ ಎಲ್ಲಿ ಎಂದು ಹುಡುಕಬೇಡಿ, ಸ್ವಲ್ಪ ತಾಳಿ. ಎರಡನೇ ಸಂಪುಟದ ಅನುವಾದಕರು ಜೋಯಲ್ ಮಾರ್ಟಿನ್ಸೆನ್, ಮೂರನೆಯದಕ್ಕೆ ಮತ್ತೆ ಕೆನ್ ಲಿಯು. ನಡುವೆ ವಾಕ್ಯದ ನಡಿಗೆ ಬದಲಾದಂತೆ ಕಂಡರೆ ಕಾರಣ ಇದು. ಅನುವಾದವಾದ ಸರಣಿಯಲ್ಲಿ ಪ್ರತಿ ಸಂಪುಟದ ಸ್ಯಾಂಪಲ್ ತೆಗೆದು ಅನುವಾದಕರ ಹೆಸರು ಒಂದೇ ಇದೆಯೇ ನೋಡಿ. ಹೆಸರಿರುವ ಪುಟದಾಚೆ ಮಾತ್ರ ಹೋಗಬೇಡಿ.

ಅಂಗಡಿಯ ಸ್ಯಾಂಪಲ್ ಸಾಲದಿದ್ದರೆ ಬೇರೆ ದಾರಿಗಳಿವೆ. ಬೇನ್ ಪ್ರಕಾಶನ ತನ್ನ ಜಾಲತಾಣದಲ್ಲಿ ಆರಂಭದ ಹಲವು ಅಧ್ಯಾಯಗಳನ್ನೇ ಓದಲು ಬಿಡುತ್ತದೆ, 1999ರಿಂದ ಅವರ ಉಚಿತ ಗ್ರಂಥಾಲಯವೂ ಇದೆ. 2024ರ ಜನವರಿಯವರೆಗೆ ಟೋರ್ ಡಾಟ್ ಕಾಮ್ ಎನಿಸಿಕೊಂಡು ಈಗ ರಿಯಾಕ್ಟರ್ ಎಂಬ ಹೆಸರಿರುವ ತಾಣದಲ್ಲಿ ಹೊಸ ಪುಸ್ತಕಗಳ ಆಯ್ದ ಭಾಗಗಳೂ ಬಿಡಿ ಕಥೆಗಳೂ ಬರುತ್ತವೆ. ಕ್ಲಾರ್ಕ್ಸ್‌ವರ್ಲ್ಡ್ ಪತ್ರಿಕೆ 2006ರಿಂದ ಕಥೆಗಳನ್ನು ಉಚಿತವಾಗಿ ಓದಿಸುತ್ತಿದೆ. ಲೇಖಕರ ಒಂದು ಪೂರ್ಣ ಸಣ್ಣಕಥೆ ಓದಿದರೆ ಕಾದಂಬರಿಯ ಮೂವತ್ತು ಪುಟಕ್ಕಿಂತ ಹೆಚ್ಚು ತಿಳಿಯುತ್ತದೆ, ಏಕೆಂದರೆ ಮುಗಿಸಲು ಬರುತ್ತದೋ ಇಲ್ಲವೋ ಎಂಬುದು ಗೊತ್ತಾಗುವುದು ಅಲ್ಲಿಯೇ. ಬರೋಸ್ ಅವರ ‘ಎ ಪ್ರಿನ್ಸೆಸ್ ಆಫ್ ಮಾರ್ಸ್’ನಂಥ ಹಳೆಯವು ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಉಚಿತ ತಾಣದಲ್ಲಿ ಇಡಿಯಾಗಿಯೇ ಸಿಗುತ್ತವೆ. ಆಡಿಯೊ ಪುಸ್ತಕದ ಸ್ಯಾಂಪಲ್ ಕೆಲವೇ ನಿಮಿಷದ್ದು. ಓದುವವರ ಕಂಠ ಹಿಡಿಸುತ್ತದೋ ಇಲ್ಲವೋ ಎಂಬುದಕ್ಕಷ್ಟೇ ಅದು.

ದುಡ್ಡು ಕೊಡುವ ಮುನ್ನ

ಆಮ್ನಿಬಸ್ ಕೊಳ್ಳುವಾಗ ಒಳಗಿನ ಪರಿವಿಡಿಯನ್ನು ನಿಮ್ಮ ಪಟ್ಟಿಯ ಜೊತೆ ಸಾಲುಸಾಲಾಗಿ ಹೋಲಿಸಿ. ಬುಜೋಲ್ಡ್ ಅವರ ‘ಬಾರ್ಡರ್ಸ್ ಆಫ್ ಇನ್ಫಿನಿಟಿ’ (1989) ಮೂರು ಕಿರುಕಾದಂಬರಿಗಳ ಸಂಕಲನ. ಆ ಮೂರನ್ನೂ ಮುಂದೆ ಬೇರೆ ಬೇರೆ ಆಮ್ನಿಬಸ್‌ಗಳಿಗೆ ಹಂಚಿದರು. ‘ದಿ ಮೌಂಟನ್ಸ್ ಆಫ್ ಮೋರ್ನಿಂಗ್’ ಇರುವುದು ‘ಯಂಗ್ ಮೈಲ್ಸ್’ನಲ್ಲಿ, ‘ಲ್ಯಾಬಿರಿಂತ್’ ಇನ್ನೊಂದರಲ್ಲಿ, ಮೂರನೆಯದು ಮತ್ತೊಂದರಲ್ಲಿ. ಆಮ್ನಿಬಸ್‌ಗಳೆಲ್ಲ ಮನೆಯಲ್ಲಿದ್ದರೆ ಮೂಲ ಸಂಕಲನದಿಂದ ಹೊಸದಾಗಿ ಸಿಗುವುದು ಕಥೆಗಳನ್ನು ಪೋಣಿಸಿದ ಚೌಕಟ್ಟು ಮಾತ್ರ.

ಹೆಸರು ಬದಲಾಗಿರುವುದೂ ಉಂಟು. ‘ಫೌಂಡೇಶನ್’ ಪುಸ್ತಕವೇ 1955ರಲ್ಲಿ ಸಂಕ್ಷಿಪ್ತವಾಗಿ ‘ದಿ 1,000-ಇಯರ್ ಪ್ಲ್ಯಾನ್’ ಎಂಬ ಹೆಸರಿನಲ್ಲಿ ಬಂದಿತ್ತು. ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕರೆ ಓದದೇ ಬಿಟ್ಟ ಅಸಿಮೊವ್ ಎಂದುಕೊಂಡು ತರಬಹುದು. ಅನುಮಾನ ಬಂದಾಗ ಮೇಲೆ ಹೇಳಿದ ಡೇಟಾಬೇಸ್‌ನಲ್ಲಿ ಆ ಹೆಸರು ಹಾಕಿ. ಅದು ಯಾವುದರ ಇನ್ನೊಂದು ರೂಪ ಎಂದು ತೋರಿಸುತ್ತದೆ. ಸೆಕೆಂಡ್‌ಹ್ಯಾಂಡ್ ಪ್ರತಿಯನ್ನು ದೂರದಿಂದ ತರಿಸುವುದಾದರೆ ಐಎಸ್‌ಬಿಎನ್ (ಆವೃತ್ತಿಯನ್ನು ಗುರುತಿಸುವ ಸಂಖ್ಯೆ) ಕೇಳಿ. ರಕ್ಷಾಪುಟದ ಚಿತ್ರ ಒಂದು ಆವೃತ್ತಿಯದ್ದು, ಬರುವ ಪುಸ್ತಕ ಇನ್ನೊಂದರದ್ದು ಆಗುವುದು ಮಾಮೂಲು.

ಎಷ್ಟು ಕೊಳ್ಳಬೇಕು? ಪ್ರತಿ ಪುಸ್ತಕಕ್ಕೂ ಮುಕ್ತಾಯವಿರುವ ಸರಣಿಯಾದರೆ ಒಂದೇ ಸಾಕು. ಕತ್ತರಿಸಿದ ಕಥೆಯಾದರೆ ಎರಡನ್ನು ಒಟ್ಟಿಗೆ ತನ್ನಿ, ಅಥವಾ ಎರಡನೆಯದು ಸುಲಭವಾಗಿ ಸಿಗುತ್ತದೆಂದು ಖಾತ್ರಿ ಮಾಡಿಕೊಂಡ ಮೇಲೆ ಮೊದಲನೆಯದನ್ನು ತೆರೆಯಿರಿ. ಪೂರ್ತಿ ಸೆಟ್ ರಿಯಾಯಿತಿಯಲ್ಲಿ ಸಿಕ್ಕರೂ ಮೊದಲ ಸಂಪುಟ ಓದಿ ಮುಗಿಯುವವರೆಗೆ ಕಾಯುವುದು ಲಾಭ.

ಇನ್ನೊಂದು ಚಿಕ್ಕ ವಿಷಯ. ಸರಣಿಯ ಇ-ಪುಸ್ತಕಗಳ ಹಿಂಬದಿಗೆ ಮುಂದಿನ ಸಂಪುಟದ ಮೊದಲ ಅಧ್ಯಾಯವನ್ನು ಅಂಟಿಸಿರುವುದುಂಟು. ಅದರಿಂದಾಗಿ ಶೇ. 90 ಎಂದು ತೋರಿಸುವಾಗಲೇ ಕಥೆ ಮುಗಿದುಹೋಗುತ್ತದೆ. ಇನ್ನೂ ಮೂವತ್ತು ಪುಟ ಇದೆ ಎಂದು ನಂಬಿ ಕೂತವರಿಗೆ ಮುಕ್ತಾಯ ಅರ್ಧಕ್ಕೇ ತುಂಡಾದಂತೆ ಅನಿಸುತ್ತದೆ. ಓದಲು ಕೂರುವ ಮುನ್ನ ಪರಿವಿಡಿಯಲ್ಲಿ ಕೊನೆಯ ಅಧ್ಯಾಯ ಯಾವುದೆಂದು ನೋಡಿಟ್ಟುಕೊಳ್ಳಿ. ಅಂಟಿಸಿದ ಅಧ್ಯಾಯ ನಿಮ್ಮ ಪಟ್ಟಿಯ ಮುಂದಿನ ಪುಸ್ತಕದ್ದೇ ಆಗಿದ್ದರೆ ಅದೇ ನಿಮ್ಮ ಮುಂದಿನ ಸ್ಯಾಂಪಲ್. ಬೇರೆ ಯಾವುದರದ್ದೋ ಆಗಿದ್ದರೆ ಓದದೆ ಮುಚ್ಚಿಬಿಡಿ.